ಬೈರ್ನ್ ಅನುದಾನ ನಮ್ಮಂಥವರಿಗೆ ಸಿಗುತ್ತಾ?

ಪ್ರಶ್ನೆ: ಇಲ್ಲಿ ನ್ಯೂಜೆರ್ಸಿಯಲ್ಲಿ ಮನೆಯಲ್ಲಿ ಹೊಡೆತ ತಿನ್ನುವ ನಮ್ಮ ಹೆಣ್ಣುಮಕ್ಕಳಿಗೆ ನಾವು ಕೆಲವರು ಸೇರಿ ನೆರವಾಗುತ್ತಿದ್ದೇವೆ. ಊರಿನ ಕೌನ್ಸಿಲ್ ಸಭೆಯ ಅಜೆಂಡಾದಲ್ಲಿ ‘ಬೈರ್ನ್ ಜೆಎಜಿ ಅನುದಾನ’ ಅಂತ ಕಂಡಿತು. ಆ ಹಣಕ್ಕೆ ನಾವು ಅರ್ಜಿ ಹಾಕಬಹುದಾ ಸರ್?
– ಓದುಗರೊಬ್ಬರು, ನ್ಯೂಜೆರ್ಸಿ

ಉತ್ತರ: ನೇರವಾಗಿ ಹಾಕಲು ಬರುವುದಿಲ್ಲಮ್ಮ. ಜೆಎಜಿ ಅಂದರೆ ಪೊಲೀಸ್ ಮತ್ತು ನ್ಯಾಯ ವ್ಯವಸ್ಥೆಯ ಕೆಲಸಗಳಿಗೆ ಕೊಡುವ ನೆರವು. ಫೆಡರಲ್ ಸರ್ಕಾರ ಈ ಹಣವನ್ನು ರಾಜ್ಯಗಳಿಗೆ, ಕೌಂಟಿ ಮತ್ತು ಊರುಗಳಿಗೆ ಕೊಡುತ್ತದೆ. ಜನಸಂಖ್ಯೆ ಮತ್ತು ಹಿಂಸೆಯ ಅಪರಾಧಗಳ ಲೆಕ್ಕ ನೋಡಿ ಹಂಚುತ್ತದೆ. 1988ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಸಾಕ್ಷಿಯೊಬ್ಬರ ಮನೆ ಕಾಯುತ್ತಾ ಕಾರಿನಲ್ಲಿ ಕೂತಿದ್ದ 22 ವರ್ಷದ ಪೊಲೀಸ್ ಎಡ್ವರ್ಡ್ ಬೈರ್ನ್‌ರನ್ನು ಡ್ರಗ್ಸ್ ಗುಂಪು ಕೊಲ್ಲಿಸಿತು. ಅವರ ಹೆಸರಿನ ಅನುದಾನ ಇದು.

ಆದರೆ ಸಭೆಗೆ ಹೋಗಿ, ಖಂಡಿತ ಹೋಗಿ. ನಾನು ಒಂದು ಕೌಂಟಿಯ ಲೆಕ್ಕಪತ್ರ ವಿಭಾಗದಲ್ಲಿದ್ದಾಗ ಈ ಅರ್ಜಿಗಳನ್ನು ನೋಡುತ್ತಿದ್ದೆ. ಬಜೆಟ್ ಹಾಳೆಯಲ್ಲಿ ಇರುತ್ತಿದ್ದದ್ದು ರೇಡಿಯೋ, ಬಾಡಿ ಕ್ಯಾಮೆರಾ, ಪೊಲೀಸರ ಓವರ್‌ಟೈಮ್. ಅಪರಾಧದಿಂದ ನೊಂದವರ ನೆರವಿಗೂ ಇದೇ ಹಣ ಬಳಸಲು ಕಾನೂನು ಬಿಡುತ್ತದೆ. ಕೇಳುವವರೇ ಬರದಿದ್ದರೆ ಆ ಸಾಲು ಯಾರು ಸೇರಿಸುತ್ತಾರೆ? ಅರ್ಜಿ ಕಳಿಸುವ ಮೊದಲು ಅದನ್ನು ಕೌನ್ಸಿಲ್ ಮುಂದಿಡಬೇಕು, ಜನರಿಗೆ ಅಭಿಪ್ರಾಯ ಹೇಳಲು ಅವಕಾಶ ಕೊಡಬೇಕು. ಅಜೆಂಡಾದಲ್ಲಿ ಬಂದಿದೆ ಅಂದರೆ ಅದು ಇದೇ ಸಭೆ ಇರಬಹುದು.

ಏನು ಕೇಳಬೇಕು? ಮಧ್ಯರಾತ್ರಿ ಪೊಲೀಸರು ಬಾಗಿಲಿಗೆ ಬಂದಾಗ ಇಂಗ್ಲಿಷ್ ಚೆನ್ನಾಗಿ ಬರುವ ಗಂಡನೇ ಇಬ್ಬರ ಪರವಾಗಿಯೂ ಮಾತಾಡಿಬಿಡುತ್ತಾನೆ. ಇದನ್ನು ನೀವೇ ಎಷ್ಟು ಸಲ ಕೇಳಿಲ್ಲ, ಅಲ್ವಾ? ಫೋನಿನಲ್ಲೇ ಸಿಗುವ ಕನ್ನಡ, ತೆಲುಗು, ಗುಜರಾತಿ ದುಭಾಷಿಗೆ ಹಣ ಇಡಿ ಅಂತ ಕೇಳಿ. ಊರು ಈಗಾಗಲೇ ಮಾಡುತ್ತಿರುವ ಖರ್ಚನ್ನು ಈ ಅನುದಾನಕ್ಕೆ ದಾಟಿಸುವಂತಿಲ್ಲ. ಹಾಗಾಗಿ ಇದು ಹೊಸ ಸೌಲಭ್ಯ ಅನ್ನುವುದನ್ನು ಒತ್ತಿ ಹೇಳಿ.

ನಿಮ್ಮ ಗುಂಪಿನ ಖರ್ಚಿಗೆ ಇದಕ್ಕಿಂತ ಒಳ್ಳೆಯ ದಾರಿ ‘ವೋಕಾ’, ಅಂದರೆ ಅಪರಾಧದಿಂದ ನೊಂದವರಿಗಾಗಿ 1984ರಲ್ಲಿ ಬಂದ ನಿಧಿ. ಅದಕ್ಕೆ ಹಣ ಬರುವುದು ಮುಖ್ಯವಾಗಿ ಫೆಡರಲ್ ಕೋರ್ಟುಗಳಲ್ಲಿ ಅಪರಾಧಿಗಳು ಕಟ್ಟುವ ದಂಡದಿಂದ. ನಿಮ್ಮಲ್ಲಿ ಅದನ್ನು ಹಂಚುವುದು ರಾಜ್ಯದ ಅಟಾರ್ನಿ ಜನರಲ್ ಕಚೇರಿ. ಲಾಭಕ್ಕಲ್ಲದ ಸಂಸ್ಥೆಗಳು ಅಲ್ಲಿ ಅರ್ಜಿ ಹಾಕಬಹುದು. ನೋಂದಣಿ ಆಗಿಲ್ಲದಿದ್ದರೆ ಮೊದಲು ಅದನ್ನು ಮುಗಿಸಿ.

ಅಲ್ಲಿ ಸ್ವಯಂಸೇವಕರ ಕೆಲಸಕ್ಕೆ ಬೆಲೆ ಇದೆ. ಯಾರು ಯಾವ ದಿನ ಎಷ್ಟು ಗಂಟೆ ಕೊಟ್ಟರು ಅಂತ ಇವತ್ತಿನಿಂದಲೇ ಒಂದು ಪುಸ್ತಕದಲ್ಲಿ ಬರೆದಿಡಿ. ನೆರವು ಪಡೆದ ಹೆಣ್ಣುಮಕ್ಕಳ ಹೆಸರು ಮಾತ್ರ ಅದರಲ್ಲಿ ಬೇಡ.