ಆಪ್ತಸಲಹೆ ಪ್ರಕರಣ: ಕ್ಲಾನ್ ಬಿಟ್ಟ ಹುಡುಗಿ

(ಗುರುತು ಸಿಗದಂತೆ ವಯಸ್ಸು, ಓದು, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಆಕೆಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಆನ್‌ಲೈನ್ ಆಟದ ಗುಂಪು ಬಿಡುವವರು ಪರೀಕ್ಷೆ, ಕೆಲಸ, ಬೇಸರ ಅಂತ ಬಿಡುತ್ತಾರೆ, ಅಲ್ಲಿನ ಬೈಗುಳ, ಹಗೆತನದಿಂದ ಏನೂ ಆಗಲ್ಲ ಎಂಬ ಮಾತಿದೆ. ಅದು ಎಷ್ಟು ನಿಜ ಎಂದು ಈ ಪ್ರಕರಣ ನೋಡಿದರೆ ತಿಳಿಯುತ್ತದೆ.

ಆಕೆಗೆ 21 ವರ್ಷ. ಬಿ.ಕಾಂ. ಕೊನೆಯ ವರ್ಷ. ನಿದ್ದೆ ಇಲ್ಲ, ಊಟ ಕಡಿಮೆ, ಮಾತು ಇನ್ನೂ ಕಡಿಮೆ ಎಂದು ತಾಯಿ ಕರೆದುಕೊಂಡು ಬಂದಿದ್ದರು. "ಮೊದಲು ಗೇಮ್ ಬಿಡಲ್ಲ ಅಂತ ಚಿಂತೆ ಇತ್ತು ಮೇಡಂ. ಈಗ ಅದನ್ನೂ ಬಿಟ್ಟಿದ್ದಾಳೆ. ಆದ್ರೂ ಹೀಗೆ ಸಪ್ಪಗಿದ್ದಾಳೆ" ಎಂದರು.

ಆಡುತ್ತಿದ್ದುದು ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ), ಫೋನ್‌ನಲ್ಲಿ ಗುಂಪಾಗಿ ಆಡುವ ಗುಂಡಿನ ಕಾಳಗದ ಆಟ. ನಾಲ್ವರ ಸ್ಕ್ವಾಡ್ ಅಂದರೆ ತಂಡ, ಅದಕ್ಕೊಂದು ಕ್ಲಾನ್ ಅಂದರೆ ಆಟಗಾರರ ದೊಡ್ಡ ಗುಂಪು, ಹರಟೆಗೆ ಒಂದು ವಾಟ್ಸಾಪ್ ಗುಂಪು. 2021ರಲ್ಲಿ ಆಟ ಶುರುವಾದಾಗಿನಿಂದ ಆಕೆ ಅಲ್ಲಿದ್ದಳು. ತಾಯಿ ಹೊರಗೆ ಹೋದ ಮೇಲೆ ವಿಷಯ ಬಂತು. ಹೊಸದಾಗಿ ಸೇರಿದವನೊಬ್ಬ ಪ್ರತಿ ಮ್ಯಾಚ್‌ನಲ್ಲೂ ಬೈಯುತ್ತಿದ್ದ. "ಹೋಗಿ ಪಾತ್ರೆ ತೊಳಿ" ಎಂಬಲ್ಲಿಂದ ಶುರುವಾಗಿ, ಇಲ್ಲಿ ಬರೆಯಲಾಗದ ಮಾತುಗಳವರೆಗೆ.

ಆದರೆ ಬೈಗುಳ ಆಕೆಗೆ ಹೊಸದಲ್ಲ. ಮೈಕ್‌ನಲ್ಲಿ ಹೆಣ್ಣಿನ ದನಿ ಕೇಳಿದರೆ ಸಾಕು, ಗೊತ್ತಿಲ್ಲದವರು ಕೆಟ್ಟದಾಗಿ ಮಾತಾಡುವುದು ಮೊದಲಿನಿಂದಲೂ ಇತ್ತು. ಮ್ಯೂಟ್ ಒತ್ತಿ ಆಡುತ್ತಿದ್ದಳು. ಹಾಗಾದರೆ ಈ ಸಲ ಯಾಕೆ ತಡೆಯಲು ಆಗಲಿಲ್ಲ? ನಮ್ಮ ಮಾತು ಜಾಸ್ತಿ ಹೊತ್ತು ನಿಂತಿದ್ದು ಇಲ್ಲೇ.

2022ರ ಜುಲೈ ಕೊನೆಗೆ ಸರ್ಕಾರದ ಆದೇಶದಂತೆ ಆ ಆಟವನ್ನು ಆಪ್ ಸ್ಟೋರ್‌ಗಳಿಂದ ತೆಗೆಯಲಾಯಿತು. ಮರಳಿದ್ದು 2023ರ ಮೇ ಕೊನೆಗೆ. ಆ ನಡುವೆ ಹಳೆಯ ಗುಂಪು ಚದುರಿತ್ತು. ಒಬ್ಬ ಕೆಲಸಕ್ಕೆ ಸೇರಿದ. ಒಬ್ಬಳಿಗೆ ಮದುವೆಯಾಯಿತು. ಒಬ್ಬನ ಫೋನ್ ಹಾಳಾಯಿತು, ಹೊಸದು ತೆಗೆಯಲಿಲ್ಲ. ಯಾರೂ ಜಗಳವಾಡಿ ಹೋಗಲಿಲ್ಲ. ನನ್ನ ಬಳಿ ಬರುವ ಹುಡುಗ ಹುಡುಗಿಯರನ್ನು ನೋಡಿದರೂ ಆಟದ ಗುಂಪು ಬಿಡುವುದು ಬಹಳ ಸಲ ಹೀಗೇ, ಪರೀಕ್ಷೆ, ಕೆಲಸ, ಬೇಸರ ಅಂತ.

ಮೊದಲು ಯಾರಾದರೂ ಬೈದರೆ ಆ ಹಳೆಯವರು ತಿರುಗಿ ಬೀಳುತ್ತಿದ್ದರು. ಈ ಸಲ ಉಳಿದವರು ಉಸಿರೆತ್ತಲಿಲ್ಲ. ಒಬ್ಬ ನಕ್ಕ. ಕ್ಲಾನ್ ಲೀಡರ್ "ಬಿಡೇ, ಗೇಮ್ ಅಲ್ವಾ" ಅಂದ. "ಬೈದವನ ಮೇಲೆ ಅಷ್ಟು ಸಿಟ್ಟಿಲ್ಲ ಮೇಡಂ. ಅವನು ಯಾರೋ ಏನೋ. ಲೀಡರ್ ನಂಗೆ ಮೊದಲಿನಿಂದ ಗೊತ್ತು" ಎಂದು ಹೇಳುವಾಗಲೇ ಅಳು ಬಂತು.

ಬ್ರಿಟನ್ನಿನ ಆಟಗಳ ಸಂಶೋಧಕ ರಿಚರ್ಡ್ ಬಾರ್ಟಲ್ 1996ರಲ್ಲೇ ಆನ್‌ಲೈನ್ ಆಟಗಾರರನ್ನು ನಾಲ್ಕು ಬಗೆಯಾಗಿ ನೋಡಿದ್ದರು: ಸಾಧಿಸಲು ಬರುವವರು, ಹೊಸದನ್ನು ಹುಡುಕುವವರು, ಜೊತೆಗಾಗಿ ಬರುವವರು, ಇತರರ ಮೇಲೆ ಬೀಳುವವರು. ಈ ಹುಡುಗಿ ಜೊತೆಗಾಗಿ ಬಂದವಳು. ರ‍್ಯಾಂಕ್ ಬೇಕಾದವನು ಬೈಗುಳ ಕೇಳಿಯೂ ಇನ್ನೊಂದು ಮ್ಯಾಚ್ ಆಡುತ್ತಾನೆ. ಆಕೆಗೆ ಅಲ್ಲಿ ಇರಲು ಇದ್ದ ಕಾರಣವೇ ಹೋಯಿತು. ಹಾಗಾಗಿ ಹಗೆತನದಿಂದ ಏನೂ ಆಗಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಪಕ್ಕದಲ್ಲಿ ಯಾರೂ ಇಲ್ಲದವರನ್ನು ಅದು ಮೊದಲು ಹೊರಗೆ ಹಾಕುತ್ತದೆ. ಹೊಸಬರು ಮತ್ತು ಹೆಣ್ಣುಮಕ್ಕಳು ಅಂಥವರು.

"ನಾನೇ ಸರಿಯಾಗಿ ಆಡ್ತಿರಲಿಲ್ವೇನೋ" ಎಂಬ ಅನುಮಾನವೂ ಇತ್ತು. ಹೇಲೋ 3 ಎಂಬ ಶೂಟಿಂಗ್ ವಿಡಿಯೊ ಆಟದ ಮೇಲೆ 2015ರಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ವಿವರಿಸಿದೆ. ಅದರಲ್ಲಿ ಹೆಣ್ಣಿನ ದನಿ ಕೇಳಿ ಹೆಚ್ಚು ಕಟುವಾಗಿ ಮಾತಾಡಿದವರು ಆಟದಲ್ಲಿ ಹಿಂದೆ ಬಿದ್ದ ಗಂಡಸರು. ಆಕೆ ಸ್ವಲ್ಪ ಯೋಚಿಸಿ, ಬೈದವನು ಪ್ರತಿ ಸಲ ತನಗಿಂತ ಮೊದಲೇ ಸಾಯುತ್ತಿದ್ದ ಎಂದಳು.

ಕೊಟ್ಟ ಸಲಹೆ ಇಷ್ಟು. "ಏನನ್ನು ಕಳಕೊಂಡೆ" ಎಂದು ಬರಿ ಅಂದೆ. ಆಟದ ಹೆಸರು ಪಟ್ಟಿಯಲ್ಲಿ ಕೊನೆಗಿತ್ತು. ಮೇಲಿದ್ದುದು ಇಬ್ಬರು ಹಳೆಯ ಗೆಳೆಯರು. ಅವರಿಗೆ ಗುಂಪಿನ ಮೂಲಕ ಬೇಡ, ನೇರವಾಗಿ ಫೋನ್ ಮಾಡು ಎಂದೆ. ಲೀಡರ್‌ಗೆ ಒಂದೇ ಮೆಸೇಜ್ ಸಾಕು: ಏನಾಯಿತು, ನೀನು ಸುಮ್ಮನಿದ್ದದ್ದು ನೋವಾಯಿತು, ಅಷ್ಟೇ. ವಾದಕ್ಕೆ ಇಳಿಯಬೇಡ. ಮತ್ತೆ ಆಡುವುದಾದರೆ ಗೊತ್ತಿಲ್ಲದವರ ಜೊತೆ ಮೈಕ್ ಬೇಡ. ಆಟದೊಳಗಿನ ಸಿದ್ಧ ಮೆಸೇಜ್‌ಗಳಿಂದಲೇ ಸೂಚನೆ ಕೊಡಬಹುದು. ಯಾರಾದರೂ ಫೋಟೊ, ನಂಬರ್ ಹಂಚುತ್ತೇನೆ ಎಂದು ಹೆದರಿಸಿದರೆ ಬ್ಲಾಕ್ ಮಾಡುವ ಮುಂಚೆ ಸ್ಕ್ರೀನ್‌ಶಾಟ್ ತೆಗೆದಿಡು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಹಿಳೆಯರ ದೂರಿಗೆ ಬೇರೆ ವಿಭಾಗವೇ ಇದೆ.

ತಾಯಿಗೆ ಇದು ಗೀಳು ಎಂಬ ಭಯ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿರುವ ಗೇಮಿಂಗ್ ಕಾಯಿಲೆಗೆ ಹಿಡಿತ ತಪ್ಪಬೇಕು, ಬೇರೆಲ್ಲ ಹಿಂದೆ ಬೀಳಬೇಕು, ನಷ್ಟವಾದರೂ ಬಿಡಲಾಗದೆ ಸಾಮಾನ್ಯವಾಗಿ 12 ತಿಂಗಳು ನಡೆಯಬೇಕು. ಈ ಹುಡುಗಿ ಕಾಲೇಜು ತಪ್ಪಿಸಿರಲಿಲ್ಲ, ಅಂಕ ಕುಸಿದಿರಲಿಲ್ಲ. "ಗೇಮ್ ಬಿಟ್ಟಿದ್ದು ಒಳ್ಳೇದಾಯ್ತು ಅಂತ ಮಾತ್ರ ಹೇಳಬೇಡಿ ಅಮ್ಮಾ. ಗೆಳೆಯರು ದೂರವಾದ ದುಃಖ ಇದು. ಅವಳು ಹೇಳಿದರೆ ಕೇಳಿ" ಎಂದೆ.

ಮುಂದಿನ ಭೇಟಿಯ ಹೊತ್ತಿಗೆ ನಿದ್ದೆ ಸುಧಾರಿಸಿತ್ತು. ಇಬ್ಬರು ಗೆಳೆಯರೂ ಫೋನ್ ಎತ್ತಿದ್ದರು, ಭಾನುವಾರ ಮೂವರೂ ಆಡುತ್ತಾರಂತೆ. ಲೀಡರ್ "ತಮಾಷೆಗೆ ಹೇಳಿದ್ದು" ಎಂದು ಉತ್ತರಿಸಿದ. ಆಕೆ ಕ್ಲಾನ್‌ಗೆ ವಾಪಸ್ ಹೋಗದಿರಲು ನಿರ್ಧರಿಸಿದ್ದಾಳೆ. ಪರೀಕ್ಷೆಯ ಸಮಯದಲ್ಲಿ ನಿದ್ದೆ ಮತ್ತೆ ಕೆಟ್ಟರೆ ಬರಲು ಹೇಳಿದ್ದೇನೆ.