ಒಂದು ಪುಟ ಓದಲು 2 ಗಂಟೆ: ಜರ್ಮನ್ ಬಿ.ಎ. ಬಿಟ್ಟು ಬರಲೇ?

ಪ್ರಶ್ನೆ: ನಾನು ಮಂಡ್ಯ ಜಿಲ್ಲೆಯವಳು, ವಯಸ್ಸು 19. ಪಿಯುಸಿ ಕಾಮರ್ಸ್ ಮುಗಿಸಿ, ಸಿಯುಇಟಿ ಪ್ರವೇಶ ಪರೀಕ್ಷೆ ಬರೆದು ದೆಹಲಿಯಲ್ಲಿ ಜರ್ಮನ್ ಬಿ.ಎ. ಆನರ್ಸ್ ಸೇರಿದೆ. ಸೇರುವಾಗ ಒಂದಕ್ಷರ ಜರ್ಮನ್ ಬರುತ್ತಿರಲಿಲ್ಲ. ಮೊದಲ ವರ್ಷ ಚೆನ್ನಾಗಿಯೇ ಹೋಯಿತು, ಅಂಕವೂ ಬಂತು. ಈಗ 3ನೇ ಸೆಮಿಸ್ಟರ್‌ನಲ್ಲಿ ಕತೆ, ಕವಿತೆ ಶುರುವಾಗಿ ಕಂಗಾಲಾಗಿದ್ದೇನೆ. ಒಂದು ಪುಟಕ್ಕೆ 2 ಗಂಟೆ ಹಿಡಿಯುತ್ತದೆ. ಶಾಲೆಯಲ್ಲೇ ಜರ್ಮನ್ ಕಲಿತು ಬಂದವರು ಕ್ಲಾಸಿನಲ್ಲಿ ಪಟಪಟ ಮಾತಾಡುತ್ತಾರೆ, ನಾನು ಬಾಯಿಯೇ ಬಿಡುವುದಿಲ್ಲ. ‘ಆ ಭಾಷೆ ಕಲಿತು ಏನ್ ಮಾಡ್ತೀಯಾ, ಬಂದು ಇಲ್ಲೇ ಬಿ.ಕಾಂ. ಸೇರ್ಕೊ’ ಅನ್ನುತ್ತಾರೆ ಅಪ್ಪ. ಬಿಟ್ಟು ಬರಲೇ?
– ಹೆಸರು ಬೇಡ, ನವದೆಹಲಿ

ಉತ್ತರ: ಈಗಲೇ ಬಿಡಬೇಡಿ. ಸೆಮಿಸ್ಟರ್ ನಡುವೆ ಗಂಟುಮೂಟೆ ಕಟ್ಟಿದರೂ ಬಿ.ಕಾಂ. ಸೇರಲು ಮುಂದಿನ ವರ್ಷದ ಅಡ್ಮಿಶನ್‌ವರೆಗೆ ಕಾಯಲೇಬೇಕು. ಅಷ್ಟು ತಿಂಗಳು ಮನೆಯಲ್ಲಿ ಕೂರುವ ಬದಲು 3 ಮತ್ತು 4ನೇ ಸೆಮಿಸ್ಟರ್ ಮುಗಿಸಿದರೆ ಅಪ್ಪನ ಲೆಕ್ಕದಲ್ಲೂ ನಷ್ಟವಿಲ್ಲ. ಬಿಡುವುದೇ ಆದರೆ ಆಮೇಲೆ ಬಿಡಿ, ಕೈಯಲ್ಲಿ ಒಂದು ಜರ್ಮನ್ ಪರೀಕ್ಷೆಯ ಸರ್ಟಿಫಿಕೇಟ್ ಹಿಡಿದುಕೊಂಡು.

ಮೊದಲು ನಿಮ್ಮ 2 ಗಂಟೆ ಎಲ್ಲಿ ಹೋಗುತ್ತಿದೆ ನೋಡೋಣ. ವಾರಕ್ಕೆ 10 ಗಂಟೆಯಂತೆ 30 ವಾರ ಪಾಠ ನಡೆದಿದೆ ಎಂದಿಟ್ಟುಕೊಳ್ಳಿ. 45 ನಿಮಿಷಕ್ಕೊಂದರಂತೆ 400 ಪೀರಿಯಡ್ ಆಯಿತು. ಭಾಷೆ ಎಷ್ಟು ಬರುತ್ತದೆಂದು ಎ1ರಿಂದ ಸಿ2ವರೆಗೆ ಆರು ಮಟ್ಟಗಳಲ್ಲಿ ಅಳೆಯುತ್ತಾರೆ. ಅದರಲ್ಲಿ ಮೂರನೆಯದಾದ ಬಿ1 ಮಟ್ಟಕ್ಕೆ, ಜರ್ಮನ್ ಕಲಿಸಿ ಪರೀಕ್ಷೆ ನಡೆಸುವ ಗಯಟೆ ಇನ್‌ಸ್ಟಿಟ್ಯೂಟ್ ಹೇಳುವ ಅಂದಾಜು 350ರಿಂದ 650 ಪೀರಿಯಡ್, ಬಿ2ಗೆ 600ರಿಂದ 800. ಅಂದರೆ ನೀವು ಬಿ1ರ ಹೊಸ್ತಿಲಲ್ಲಿದ್ದೀರಿ, ಕೈಗೆ ಕೊಟ್ಟಿರುವ ಕತೆ ಬಿ2 ಬೇಡುತ್ತಿದೆ. ಸೊನ್ನೆಯಿಂದ ಶುರುಮಾಡಿದ ಯಾರಿಗಾದರೂ 3ನೇ ಸೆಮಿಸ್ಟರ್ ಹೀಗೆಯೇ ಏಟು ಕೊಡುತ್ತದೆ.

ಇನ್ನೊಂದು ಕಾರಣ ವ್ಯಾಕರಣದಲ್ಲೇ ಇದೆ. ಮೊದಲ ವರ್ಷದ ಪಠ್ಯ ಬರೀ ಸಂಭಾಷಣೆ: ಅಂಗಡಿ, ರೈಲು, ನನ್ನ ಕುಟುಂಬ. ಅಲ್ಲಿನ ಭೂತಕಾಲ ಮಾತಿನ ಭೂತಕಾಲ, ‘ಹೋದಳು’ ಅನ್ನಲು ‘ಇಸ್ಟ್ ಗೆಗಾಂಗನ್’. ಕತೆಗಾರರು ಬರೆಯುವುದು ಪ್ರೆಟೆರಿಟುಮ್ ಎಂಬ ಬರಹದ ಭೂತಕಾಲದಲ್ಲಿ, ಬರೀ ‘ಗಿಂಗ್’. ನಿಘಂಟಿನಲ್ಲಿ ಅದರ ಅರ್ಥ ಇರುವುದು ‘ಗೇಯನ್’ ಅಡಿಯಲ್ಲಿ. ಕನ್ನಡ ಕಲಿಯುವವರು ‘ಬಂದಳು’ ಎಂದು ಹುಡುಕಿ ಸಿಗದೆ ಒದ್ದಾಡುತ್ತಾರಲ್ಲ, ‘ಬರು’ ನೋಡಬೇಕೆಂದು ತಿಳಿಯದೆ, ಅದೇ ಪಾಡು. ಇದರ ಮೇಲೆ ಒಡೆದು ನಿಲ್ಲುವ ಕ್ರಿಯಾಪದಗಳು. ‘ಸೀ ಷ್ಟಾಂಟ್ ಉಮ್ ಫ್ಯುನ್ಫ್ ಊರ್ ಔಫ್’ ಎಂಬ ವಾಕ್ಯದಲ್ಲಿ ‘ಷ್ಟಾಂಟ್’ ಕಂಡ ತಕ್ಷಣ ‘ನಿಂತಳು’ ಎಂದು ಬರೆದುಕೊಂಡರೆ ಕೆಟ್ಟಿತು. ಕೊನೆಯಲ್ಲಿ ಒಂಟಿಯಾಗಿ ಕೂತ ‘ಔಫ್’ ಸೇರಿಸಿದರೆ ಅವಳು 5 ಗಂಟೆಗೆ ಎದ್ದಳು. ವಾಕ್ಯ ಮುಗಿಯುವ ಮುಂಚೆ ಫೋನು ತೆಗೆದು ಪದ ಹುಡುಕುವವರಿಗೆ ಈ ‘ಔಫ್’ ಯಾವತ್ತೂ ಕಣ್ಣಿಗೆ ಬೀಳುವುದಿಲ್ಲ.

ಆದ್ದರಿಂದ ಈ ವಾರದಿಂದ ಎರಡು ಕೆಲಸ. ಹೆಚ್ಚು ಬಳಕೆಯ 60 ಅನಿಯತ (‘ಗೇಯನ್’–‘ಗಿಂಗ್’ ಥರ ರೂಪ ಬದಲಿಸುವ) ಕ್ರಿಯಾಪದಗಳ ಪ್ರೆಟೆರಿಟುಮ್ ರೂಪ ಬಾಯಿಪಾಠ ಮಾಡಿ, ದಿನಕ್ಕೆ 5ರಂತೆ 12 ದಿನ. ಮಗ್ಗಿ ಹೇಳಿದ ಹಾಗೆ ಗಟ್ಟಿಯಾಗಿ ಹೇಳಿಕೊಳ್ಳಿ. ಎರಡನೆಯದು ಓದುವ ಕ್ರಮ. ಮೊದಲ ಸಲ ನಿಘಂಟು ಮುಟ್ಟದೆ ಪುಟ ಮುಗಿಸಿ, 10 ನಿಮಿಷ ಸಾಕು. ಎರಡನೇ ಸಲ ಪೆನ್ಸಿಲ್ ಹಿಡಿದು ಪ್ರತಿ ವಾಕ್ಯದ ಕ್ರಿಯಾಪದಕ್ಕೆ ಗೆರೆ ಎಳೆಯಿರಿ, ಒಡೆದ ತುಂಡಿದ್ದರೆ ಎರಡನ್ನೂ ಕಮಾನಿನಿಂದ ಜೋಡಿಸಿ. ಆಮೇಲೆ ನಿಘಂಟು, ಅದೂ ಪುಟಕ್ಕೆ 8 ಪದ ಮಾತ್ರ. ಯಾವ 8 ಎಂದು ಆರಿಸುವುದರಲ್ಲೇ ಅರ್ಧ ಕಲಿಕೆಯಿದೆ: ಎರಡು ಸಲ ಬಂದ ಪದ, ಅದಿಲ್ಲದೆ ವಾಕ್ಯ ನಿಲ್ಲದ ಪದ. ಮರದ ಹೆಸರು, ಪಾತ್ರೆಯ ಹೆಸರು ಬಿಡಿ. ಕೊನೆಗೆ ಪುಟದಲ್ಲಿ ಏನಾಯಿತೆಂದು ಜರ್ಮನ್‌ನಲ್ಲಿ 5 ಸಣ್ಣ ವಾಕ್ಯ. ಪುಟವನ್ನು ಫೋಟೊ ಹೊಡೆದು ಅನುವಾದದ ಆ್ಯಪ್‌ಗೆ ಹಾಕುವ ಚಟವಿದ್ದರೆ ಇವತ್ತೇ ನಿಲ್ಲಿಸಿ. ಪರೀಕ್ಷಾ ಕೊಠಡಿಗೆ ಆ ಆ್ಯಪ್ ಬರುವುದಿಲ್ಲ.

ಸಿಲಬಸ್‌ನ ಆಚೆಗೆ ಓದಲು 1945ರ ನಂತರದ ಸಣ್ಣಕತೆಗಳನ್ನು ಹಿಡಿಯಿರಿ. 26ನೇ ವಯಸ್ಸಿಗೇ, 1947ರಲ್ಲಿ, ತೀರಿಕೊಂಡ ವೋಲ್ಫ್‌ಗಾಂಗ್ ಬೋರ್ಷರ್ಟ್ ಈ ಹಂತಕ್ಕೆ ಹೇಳಿ ಮಾಡಿಸಿದ ಲೇಖಕ. ಚಿಕ್ಕ ವಾಕ್ಯ, ದಿನಬಳಕೆಯ ಪದ, ಎರಡು ಮೂರು ಪುಟಕ್ಕೇ ಮುಗಿಯುವ ಕತೆಗಳು. ಹಳೆಯ ಕಾಲದ ಲೇಖಕ ಕ್ಲೈಸ್ಟ್‌ನನ್ನು ಈಗ ಮುಟ್ಟಬೇಡಿ. ಅವನ ಒಂದು ವಾಕ್ಯ ಅರ್ಧ ಪುಟ ಹರಿಯುತ್ತದೆ.

ನಿಮ್ಮ ಹತ್ತಿರ ಒಂದು ಆಸ್ತಿಯಿದೆ, ಬಹುಶಃ ಬಳಸುತ್ತಿಲ್ಲ. ಜರ್ಮನ್ನಿನ ಅಧೀನ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ: ‘ವೈಲ್ ಸೀ ಗೆಸ್ಟರ್ನ್ ದಾಸ್ ಬೂಖ್ ಗೆಲೇಸನ್ ಹಾಟ್’. ಪದಪದಕ್ಕೆ ಇಟ್ಟು ನೋಡಿ: ಅವಳು, ನಿನ್ನೆ, ಪುಸ್ತಕ, ಓದಿದ್ದರಿಂದ. ಮುಂದೆ ಕೂತ ‘ವೈಲ್’ (ಏಕೆಂದರೆ) ಒಂದನ್ನು ಬಿಟ್ಟರೆ ಕನ್ನಡದ್ದೇ ಕ್ರಮ. ಇಂಗ್ಲಿಷಿಗೆ ತಿರುಗಿಸಿ ಅರ್ಥ ಮಾಡಿಕೊಳ್ಳುವವರು ಇಡೀ ವಾಕ್ಯ ಕಿತ್ತು ಮರುಜೋಡಣೆ ಮಾಡಬೇಕು. ಅಂಚಿನಲ್ಲಿ ಟಿಪ್ಪಣಿ ಕನ್ನಡದಲ್ಲೇ ಬರೆಯಿರಿ.

ಕನ್ನಡ ಕೈಕೊಡುವ ಜಾಗವೂ ಒಂದಿದೆ. ‘ಇನ್ ದೆರ್ ಶೂಲ’ ಎಂದರೆ ಶಾಲೆಯಲ್ಲಿ, ‘ಇನ್ ದೀ ಶೂಲ’ ಎಂದರೆ ಶಾಲೆಗೆ. ‘ಗೆ’ ನಮ್ಮಲ್ಲಿ ಚತುರ್ಥಿ. ಅದೇ ಜೋರಿನಲ್ಲಿ ‘ಶಾಲೆಗೆ’ ಅನ್ನಲು ಜರ್ಮನ್ ಚತುರ್ಥಿಯಾದ ಡಾಟೀವ್ ಹಾಕಿದರೆ ಹುಡುಗಿ ಶಾಲೆಗೆ ಹೊರಡುವುದೇ ಇಲ್ಲ, ಆಗಲೇ ಒಳಗಿರುತ್ತಾಳೆ. ‘ಇನ್’, ‘ಔಫ್’ ಥರದ ಒಂಬತ್ತು ಪದಗಳ ಜತೆ ಇರುವ ಜಾಗಕ್ಕೆ ಡಾಟೀವ್, ಹೋಗುವ ಕಡೆಗೆ ಅಕ್ಕುಸಾಟೀವ್, ಅಂದರೆ ದ್ವಿತೀಯಾ. ‘ಗೆ’ ಬಂದಲ್ಲೆಲ್ಲ ಒಂದು ಕ್ಷಣ ನಿಲ್ಲಿ.

ಕ್ಲಾಸಿನಲ್ಲಿ ಬಾಯಿ ಬಿಡದಿರುವುದಕ್ಕೆ ಹೆಚ್ಚು ಔಷಧ ಬೇಕಿಲ್ಲ. ಆ 5 ವಾಕ್ಯಗಳಲ್ಲಿ ಎರಡನ್ನು ಮೊದಲ 10 ನಿಮಿಷದಲ್ಲೇ ಹೇಳಿಬಿಡಿ. ಶಾಲೆಯಲ್ಲಿ ಕಲಿತವರಿಗೆ ಮಾತು ಸಲೀಸು, ನಿಜ. ಕವಿತೆಯ ಮೇಲೆ 4 ಪುಟ ಬರೆಯುವುದು ಅವರಿಗೂ ಹೊಸದೇ.

ಇನ್ನು ಅಪ್ಪನ ಪ್ರಶ್ನೆ. ಅದು ನ್ಯಾಯವಾದದ್ದು. ಬೆಂಗಳೂರಿನಲ್ಲಿ ಜರ್ಮನ್ ಬೇಕೆನ್ನುವ ಕೆಲಸಗಳು ಗ್ರಾಹಕ ಸೇವೆ, ಲೆಕ್ಕಪತ್ರ, ಪಾಠ ಹೇಳುವುದು ಇಂಥ ಕಡೆ ಇವೆ, ಸಾಮಾನ್ಯವಾಗಿ ಬಿ2 ಅಥವಾ ಸಿ1 ಕೇಳುತ್ತಾರೆ. ನಿಮ್ಮ ಅಂಕಪಟ್ಟಿ ನೋಡಿ ಆ ಮಟ್ಟ ಯಾವುದೆಂದು ಕಂಪನಿಯವರಿಗೆ ತಿಳಿಯುವುದಿಲ್ಲ. ಆದ್ದರಿಂದ ಪದವಿಯ ಜತೆ ಬಿ2 ಸರ್ಟಿಫಿಕೇಟ್ ಬೇಕೇ ಬೇಕು. ಸಾಮಾನ್ಯ ದಾಖಲೆಗಳ ಅನುವಾದವನ್ನು ಯಂತ್ರ ನುಂಗುತ್ತಿದೆ, ಅದನ್ನೇ ನಂಬಬೇಡಿ. ಕಾಲೇಜು ಮೇಷ್ಟ್ರಾಗಲು ಎಂ.ಎ., ಆಮೇಲೆ ಯುಜಿಸಿ ನೆಟ್ ಅರ್ಹತಾ ಪರೀಕ್ಷೆ; ಅದರಲ್ಲಿ ಜರ್ಮನ್ ಒಂದು ವಿಷಯವಾಗಿಯೇ ಇದೆ. ಸಂಶೋಧನೆಯ ಆಸೆ ಹುಟ್ಟಿದರೆ ಕನ್ನಡ ಮತ್ತು ಜರ್ಮನ್ ಎರಡೂ ಬಲ್ಲವರಿಗೆ ಬೆಲೆಯಿರುವ ಜಾಗ ಮಂಗಳೂರು. ಬಾಸೆಲ್ ಮಿಶನ್ ಎಂಬ ಕ್ರೈಸ್ತ ಮಿಶನರಿ ಸಂಸ್ಥೆ 1834ರಲ್ಲಿ ಅಲ್ಲಿಗೆ ಬಂತು, 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದ ಮೊಗ್ಲಿಂಗ್, 1894ರಲ್ಲಿ ನಿಘಂಟು ಕೊಟ್ಟ ಕಿಟೆಲ್ ಇಬ್ಬರೂ ಜರ್ಮನರು. ಮಿಶನರಿಗಳು ತಾಯ್ನಾಡಿಗೆ ಬರೆದ ವರದಿ, ಪತ್ರಗಳು ಕುರೆಂಟ್ ಎಂಬ ಹಳೆಯ ಕೈಬರಹದಲ್ಲಿವೆ. ಅದನ್ನು ಓದಬಲ್ಲ ಕನ್ನಡಿಗರು ಬೆರಳೆಣಿಕೆ.

ಯಾವಾಗ ಬಿಡಬಹುದು ಎಂಬುದನ್ನೂ ಹೇಳಿಬಿಡಬೇಕು. ಮೇಲಿನ ಕ್ರಮವನ್ನು 10 ವಾರ ಮಾಡಿ, ಗಡಿಯಾರ ಇಟ್ಟು ನೋಡಿ. ಪುಟಕ್ಕೆ 40 ನಿಮಿಷಕ್ಕೆ ಇಳಿದು, ಮುಂದೇನಾಯಿತು ಎಂಬ ಕುತೂಹಲವೂ ಇದ್ದರೆ ನಿಮ್ಮ ಜಾಗ ಅದೇ. ವೇಗ ಬಂದೂ ಕತೆ ಬೇಸರ ತರಿಸಿದರೆ ನಿಮಗೆ ಹಿಡಿಸಿರುವುದು ಭಾಷೆ, ಸಾಹಿತ್ಯವಲ್ಲ. ಆಗ 4ನೇ ಸೆಮಿಸ್ಟರ್ ಮುಗಿಸಿ ಬಿ.ಕಾಂ. ಸೇರಿ, ಬಿ2ವರೆಗೆ ಜರ್ಮನ್ ಮುಂದುವರಿಸಿ. ಲೆಕ್ಕಪತ್ರ ಬಲ್ಲ, ಜರ್ಮನ್ ಬಲ್ಲ ಹುಡುಗಿಗೆ ಬೆಂಗಳೂರಿನಲ್ಲಿ ಕೆಲಸ ಸಿಗುವುದು ಬರೀ ಜರ್ಮನ್ ಬಿ.ಎ.ಗಿಂತ ಸುಲಭವೇ.

ಎರಡರಲ್ಲಿ ಯಾವುದಾದರೂ ಬಿ1 ಪರೀಕ್ಷೆ ಬರೆಯಲೇಬೇಕು. ಓದು, ಆಲಿಸು, ಬರಹ, ಮಾತು ಎಂದು ನಾಲ್ಕು ಭಾಗ, ಪ್ರತಿಯೊಂದರಲ್ಲೂ 100ಕ್ಕೆ 60 ಬರಬೇಕು. ಒಂದು ಹೋದರೆ ಅದೊಂದನ್ನೇ ಮತ್ತೆ ಬರೆಯಬಹುದು. ರಜೆಗೆ ಊರಿಗೆ ಬರುವ ದಿನ ನೋಡಿಕೊಂಡು ಬೆಂಗಳೂರು ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ (ಗಯಟೆ ಇನ್‌ಸ್ಟಿಟ್ಯೂಟ್‌ಗೆ ನಮ್ಮಲ್ಲಿರುವ ಹೆಸರು) ಮೊದಲೇ ಹೆಸರು ನೋಂದಾಯಿಸಿ. ಅಲ್ಲಿಯವರೆಗೆ ಫೋನಿನಲ್ಲಿ ಅಪ್ಪನ ಜತೆ ವಾದ ಬೇಡ. ಪರೀಕ್ಷೆಯ ದಿನ ಅವರನ್ನೇ ಜತೆಗೆ ಕರೆದುಕೊಂಡು ಹೋಗಿ, ಅಲ್ಲಿ ಸಾಲಿನಲ್ಲಿ ಕೂತವರು ಏನೇನು ಕೆಲಸಕ್ಕೆಂದು ಜರ್ಮನ್ ಕಲಿಯುತ್ತಿದ್ದಾರೆ ಎಂದು ಅವರೇ ವಿಚಾರಿಸಲಿ.