ಎಡಗಿವಿಯ ಮೊರೆತವೂ ದೂರದ ಭೂಕಂಪವೂ

ಪತ್ರದ ಸಾರ: ಕೆಲವು ವರ್ಷಗಳಿಂದ ನನ್ನ ಎಡಗಿವಿಯಲ್ಲಿ ಆಗಾಗ ಗುಂಯ್ ಎಂಬ ಸದ್ದು ಏಳುತ್ತದೆ. ಅದಾಗಿ ಒಂದೆರಡು ದಿನದಲ್ಲಿ ಜಗತ್ತಿನ ಎಲ್ಲಾದರೂ ಭೂಕಂಪವಾದ ಸುದ್ದಿ ಬರುತ್ತದೆ. ಹೇಳಿದರೆ ಮನೆಯವರು ನಗುತ್ತಾರೆ. ವಿಜ್ಞಾನಿಗಳು ನನ್ನಂಥವರನ್ನು ಏಕೆ ಪರೀಕ್ಷಿಸಬಾರದು?

ಸಂಪಾದಕರ ಉತ್ತರ: ನಿಮಗೆ ಸದ್ದು ಕೇಳಿಸುತ್ತಿದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಅದಕ್ಕೂ ಭೂಕಂಪಕ್ಕೂ ನೀವು ಹಾಕಿರುವ ಗಂಟಿನ ಬಗ್ಗೆ ಮಾತ್ರ ನನ್ನ ತಕರಾರು.

ನೆಲ ಅಲುಗುವ ಮುಂಚೆ ಸದ್ದು ಕೇಳಿಸುವುದು ಸುಳ್ಳಲ್ಲ. ಆದರೆ ಅದು ಸೆಕೆಂಡುಗಳ ಲೆಕ್ಕದ ಮಾತು. ಬಂಡೆ ಬಿರಿದಾಗ ಹೊರಡುವ ಪಿ ಅಲೆ ಸೆಕೆಂಡಿಗೆ ಸುಮಾರು 6 ಕಿ.ಮೀ. ಓಡುತ್ತದೆ, ಗೋಡೆಗಳನ್ನು ಜೋರಾಗಿ ಅಲ್ಲಾಡಿಸುವ ಎಸ್ ಅಲೆ 3.5 ಕಿ.ಮೀ. ಆಸುಪಾಸಿನಲ್ಲಿ ಹಿಂದೆ ಬರುತ್ತದೆ. ಪಿ ಅಲೆ ಗಾಳಿಯಲ್ಲಿನ ಸದ್ದಿನ ಜಾತಿಯದೇ. ನೆಲದ ಮೇಲ್ಮೈಗೆ ಬಂದಾಗ ಅದರ ಒಂದು ಪಾಲು ಗಾಳಿಗೆ ದಾಟುತ್ತದೆ, 20 ಹರ್ಟ್ಸ್‌ಗಿಂತ (ಅಂದರೆ ಸೆಕೆಂಡಿಗೆ 20 ಕಂಪನಕ್ಕಿಂತ) ಮೇಲಿದ್ದರೆ ಗುಡುಗುಡು ಎಂದು ಕಿವಿಗೆ ಬೀಳುತ್ತದೆ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಮೂಡಸ್ ಎಂಬ ಊರು ಇಂಥ ಸದ್ದಿಗೆ ಶತಮಾನಗಳಿಂದ ಹೆಸರುವಾಸಿ. ದೆವ್ವದ ಕಥೆಗಳೂ ಹುಟ್ಟಿಕೊಂಡಿದ್ದವು. 1980ರ ದಶಕದಲ್ಲಿ ಭೂಕಂಪಮಾಪಕ ಇಟ್ಟು ನೋಡಿದರೆ, ನೆಲಕ್ಕೆ ತೀರಾ ಹತ್ತಿರದಲ್ಲೇ ಆಗುವ ಪುಟ್ಟ ಕಂಪನಗಳು! ಕೆಲವಂತೂ ಮೈಗೆ ತಿಳಿಯದೆ ಕಿವಿಗೆ ಮಾತ್ರ ತಿಳಿಯುವಷ್ಟು ಸಣ್ಣವು. ಊರಿನವರ ಕಿವಿ ಸರಿಯಾಗಿಯೇ ಇತ್ತು.

ದಿನಗಟ್ಟಲೆ ಮುಂಚಿನ ಸೂಚನೆ ಎಂದರೆ ಪೂರ್ವಕಂಪನಗಳು, ಅಂದರೆ ದೊಡ್ಡ ಭೂಕಂಪಕ್ಕೆ ಮುಂಚೆ ಕೆಲವೊಮ್ಮೆ ಬರುವ ಸಣ್ಣ ಕಂಪನಗಳು. 1975ರ ಫೆಬ್ರವರಿಯಲ್ಲಿ ಚೀನಾದ ಹೈಚೆಂಗ್‌ನಲ್ಲಿ ಅವನ್ನು ನಂಬಿ ಜನರನ್ನು ಹೊರಗೆ ಕಳಿಸಿದರು, ಸಾವಿರಾರು ಜೀವ ಉಳಿಯಿತು. ಮರುವರ್ಷ ಟಾಂಗ್‌ಶಾನ್‌ನಲ್ಲಿ ಅಂಥ ಸೂಚನೆ ಸಿಗಲಿಲ್ಲ. ಸರ್ಕಾರಿ ಲೆಕ್ಕದಲ್ಲೇ 2.4 ಲಕ್ಷ ಜನ ಸತ್ತರು. ಕ್ಯಾಲಿಫೋರ್ನಿಯಾದ ಪಾರ್ಕ್‌ಫೀಲ್ಡ್‌ನಲ್ಲಿ 1993ರೊಳಗೆ ಕಂಪನ ನಿರೀಕ್ಷಿಸಿ ಸುತ್ತಲೂ ಉಪಕರಣ ನೆಟ್ಟು ಕಾದರು. ಅದು ಬಂದದ್ದು 2004ರಲ್ಲಿ, ಉಪಕರಣಗಳಿಗೂ ಸ್ಪಷ್ಟ ಮುನ್ಸೂಚನೆ ಕೊಡದೆ.

ಇನ್ನು ನಿಮ್ಮ ಪತ್ರದ 'ಎಲ್ಲಾದರೂ' ಎಂಬ ಪದ. ಭೂಮಿಯ ಮೇಲೆ 5ಕ್ಕಿಂತ ಹೆಚ್ಚು ತೀವ್ರತೆಯ ಕಂಪನಗಳು ವರ್ಷಕ್ಕೆ ಸಾವಿರ ದಾಟುತ್ತವೆ, ಅಂದರೆ ದಿನಕ್ಕೆ ಮೂರ್ನಾಲ್ಕು. ಕಿವಿ ಯಾವ ದಿನ ಮೊರೆದರೂ ಒಂದು ಭೂಕಂಪ ಸಿದ್ಧವಾಗಿರುತ್ತದೆ. ಕಿವಿ ಸುಮ್ಮನಿದ್ದಾಗ ಆದ ಕಂಪನಗಳನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ, ನೀವೊಬ್ಬರೇ ಅಲ್ಲ. ಸಾವಿರಾರು ಕಿ.ಮೀ. ದೂರದಿಂದ ನಿಮ್ಮನ್ನು ತಲುಪುವ ಸದ್ದು ಅಲ್ಲೇ ಇರುವವರಿಗೆ, ಅಲ್ಲಿನ ಮೈಕ್ರೊಫೋನ್‌ಗಳಿಗೆ ಸಿಗಬೇಡವೇ?

ಪರೀಕ್ಷೆಯನ್ನು ನೀವೇ ಮಾಡಬಹುದು. ಸದ್ದು ಕೇಳಿದೊಡನೆ ಭೂಕಂಪ ಎಲ್ಲಿ, ಯಾವಾಗ, ಎಷ್ಟು ತೀವ್ರತೆಯಲ್ಲಿ ಆಗುತ್ತದೆ ಎಂದು ಬರೆದು, ನಗುವ ಮನೆಯವರ ಕೈಗೇ ಕೊಡಿ. ಸುದ್ದಿ ಬಂದ ಮೇಲೆ ತಿದ್ದುವಂತಿಲ್ಲ. ಸುಳ್ಳಾದವನ್ನೂ ಎಣಿಸಬೇಕು.

ಅದಕ್ಕೂ ಮೊದಲು ಕಿವಿ ವೈದ್ಯರನ್ನು ಕಾಣಿ. ಇಂಥ ಮೊರೆತ ಬಹಳ ಜನರಿಗಿದೆ, ಹೆಚ್ಚಿನವರಿಗೆ ಅಪಾಯವಿಲ್ಲ. ಆದರೆ ಒಂದೇ ಕಿವಿಯಲ್ಲಿ ಬರುವುದಾದರೆ ಶ್ರವಣ ಪರೀಕ್ಷೆ ಮಾಡಿಸಲೇಬೇಕು. ನಿಮ್ಮ ಪತ್ರದಲ್ಲಿ ನನಗೆ ಆತಂಕ ಹುಟ್ಟಿಸಿದ್ದು ಅದೊಂದೇ ಸಂಗತಿ.